ಸಣ್ಣ ಡೀಸೆಲ್ ಕಾರಿನ ಲೀಟರ್ ಲೆಕ್ಕ

ಸಣ್ಣ ಡೀಸೆಲ್ ಕಾರಿನ ಮೈಲೇಜ್ ಅರ್ಧ ಎಂಜಿನ್ನಿನದು, ಉಳಿದರ್ಧ ಅದು ದಿನವೂ ಓಡುವ ದಾರಿಯದು. ಭಾರತದಲ್ಲಿ ಈ ಮಾತಿಗೆ ಮಲ್ಟಿಜೆಟ್ ಎಂಜಿನ್ನಿನಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಫಿಯೆಟ್ ಕಂಪನಿ 2003ರಲ್ಲಿ ಯುರೋಪಿನಲ್ಲಿ ಹೊರತಂದ ಈ 1,248 ಸಿಸಿ ಎಂಜಿನ್, 2007ರಲ್ಲಿ ಡಿಡಿಐಎಸ್ ಎಂಬ ಹೆಸರು ಹೊತ್ತು ಮಾರುತಿ ಸ್ವಿಫ್ಟ್‌ನೊಳಗೆ ಕೂತಿತು. ಟಾಟಾ ಅದನ್ನೇ ಕ್ವಾಡ್ರಾಜೆಟ್ ಎಂದು ಕರೆದು ವಿಸ್ತಾದಲ್ಲಿ ಹಾಕಿತು. ಪುಂಟೊ, ರಿಟ್ಜ್, ಡಿಜೈರ್, ಷೆವರ್ಲೆ ಸೇಲ್, ಎರ್ಟಿಗಾ ಹೀಗೆ ಬಾನೆಟ್ ಯಾವುದಾದರೂ ಅಡಿಯಲ್ಲಿ ಸದ್ದು ಒಂದೇ. ಅದಕ್ಕೇ ವಾಹನ ಪತ್ರಕರ್ತರ ಬಾಯಲ್ಲಿ ಇದು ‘ರಾಷ್ಟ್ರೀಯ ಎಂಜಿನ್’ ಆಯಿತು. ಸ್ವಿಫ್ಟ್‌ನಲ್ಲಿ ಇದರ ಶಕ್ತಿ 75 ಪಿಎಸ್, ಟಾರ್ಕ್ 2,000 ಸುತ್ತಿನಲ್ಲಿ 190 ಎನ್‌ಎಂ.

ಒಂದು ಲೀಟರ್ ಡೀಸೆಲ್ ಹೆಚ್ಚು ದೂರ ಒಯ್ಯುವುದಕ್ಕೆ ಕಾರಣ ಮೂರು. ಮೊದಲನೆಯದು ಇಂಧನದ್ದೇ ಗುಣ. ಡೀಸೆಲ್ ಪೆಟ್ರೋಲಿಗಿಂತ ಸಾಂದ್ರ, ಹಾಗಾಗಿ ಲೀಟರಿಗೆ ಲೀಟರ್ ಹೋಲಿಸಿದರೆ ಅದರಲ್ಲಿ ಶೇ 10ಕ್ಕೂ ಹೆಚ್ಚು ಶಕ್ತಿ ಅಡಗಿದೆ. ಎರಡನೆಯದು ಒತ್ತಡ. ಸಾಮಾನ್ಯ ಪೆಟ್ರೋಲ್ ಎಂಜಿನ್ ಗಾಳಿಯನ್ನು ಹತ್ತು, ಹನ್ನೊಂದು ಪಟ್ಟು ಕುಗ್ಗಿಸುತ್ತದೆ, ಮಲ್ಟಿಜೆಟ್ ಹದಿನೇಳು ಪಟ್ಟಿಗೂ ಮೀರಿ ಕುಗ್ಗಿಸುತ್ತದೆ. ಹೆಚ್ಚು ಕುಗ್ಗಿಸಿದಷ್ಟೂ ಉರಿಯ ಶಾಖದಿಂದ ಹೆಚ್ಚು ಕೆಲಸ ತೆಗೆಯಬಹುದು. ಮೂರನೆಯದು ಉಸಿರಾಟ. ಪೆಟ್ರೋಲ್ ಎಂಜಿನ್ನಿನಲ್ಲಿ ನಿಧಾನವಾಗಿ ಹೋಗುವಾಗ ಥ್ರಾಟಲ್ ಬಾಗಿಲು ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ, ಆ ಕಿರಿದಾದ ದಾರಿಯಲ್ಲಿ ಗಾಳಿ ಎಳೆದುಕೊಳ್ಳುವುದಕ್ಕೇ ಶಕ್ತಿ ವ್ಯಯವಾಗುತ್ತದೆ. ಡೀಸೆಲ್ ಎಂಜಿನ್ ವೇಗ ತಗ್ಗಿಸಲು ಇಂಧನವನ್ನು ಕಡಿಮೆ ಮಾಡುತ್ತದೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ. ಹಗುರವಾಗಿ, ಒಂದೇ ಹದದಲ್ಲಿ ಓಡಿಸುವಾಗ ಪೆಟ್ರೋಲ್ ಕಾರಿಗೂ ಇದಕ್ಕೂ ಇರುವ ಅಂತರ ದೊಡ್ಡದಾಗುವುದು ಇದರಿಂದಲೇ.

ಷೋರೂಮಿನಲ್ಲಿ ಹೇಳುವ ಮೈಲೇಜ್ ಪ್ರಯೋಗಾಲಯದ್ದು. ಸ್ವಿಫ್ಟ್ ಡೀಸೆಲ್‌ಗೆ 2011ರ ಮಾದರಿಯಲ್ಲಿ ಲೀಟರಿಗೆ 22.9 ಕಿ.ಮೀ., 2014ರಲ್ಲಿ 25.2, 2018ರಲ್ಲಿ 28.4 ಎಂಬ, ವಾಹನ ಪರೀಕ್ಷಾ ಸಂಸ್ಥೆಯಾದ ಎಆರ್‌ಎಐ ಅಂಕಿ ಸಿಕ್ಕಿತ್ತು. ಈ ಪರೀಕ್ಷೆಯಲ್ಲಿ ಕಾರು ನಿಂತಲ್ಲೇ ನಿಂತು ರೋಲರ್‌ಗಳ ಮೇಲೆ 1,180 ಸೆಕೆಂಡು ಓಡುತ್ತದೆ. ವೇಗ ಗಂಟೆಗೆ 90 ಕಿ.ಮೀ. ದಾಟುವುದಿಲ್ಲ, ಎಸಿ ಹಾಕುವುದಿಲ್ಲ, ವೇಗ ಏರಿಸುವುದು ಇಳಿಸುವುದು ಎಲ್ಲವೂ ಬಹಳ ಮೆಲ್ಲಗೆ. ಖರ್ಚಾದ ಇಂಧನವನ್ನು ಹೊಗೆಯಲ್ಲಿರುವ ಇಂಗಾಲದ ಅಂಶದಿಂದ ಲೆಕ್ಕ ಹಾಕುತ್ತಾರೆ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸಲು ಈ ಅಂಕಿ ಸಾಕು, ತಿಂಗಳ ಇಂಧನ ಖರ್ಚಿನ ಅಂದಾಜಿಗೆ ಸಾಲದು.

ರಸ್ತೆಯ ಕಥೆಯೇ ಬೇರೆ. ಬೆಂಗಳೂರಿನ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಸ್ವಿಫ್ಟ್ ಅಥವಾ ಡಿಜೈರ್ ಡೀಸೆಲ್ ಎಸಿ ಹಾಕಿಕೊಂಡು ಲೀಟರಿಗೆ 14ರಿಂದ 16 ಕಿ.ಮೀ. ಕೊಟ್ಟರೆ ಅದು ಆರೋಗ್ಯವಾಗಿದೆ ಎಂದೇ ಅರ್ಥ. ತುಮಕೂರು ದಾಟಿ ಹುಬ್ಬಳ್ಳಿಯತ್ತ ಹೊರಟ ಅದೇ ಕಾರು 80ರ ವೇಗದಲ್ಲಿ ಸಲೀಸಾಗಿ 20 ದಾಟುತ್ತದೆ. ಆ ವೇಗದಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿರುತ್ತದೆ, ಅಂದರೆ ಅದರ ಟಾರ್ಕ್ ಹುಲುಸಾಗಿರುವ ಜಾಗದಲ್ಲೇ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80 ಬಿಟ್ಟು 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅರ್ಧ ಗಂಟೆ ಮುಂಚೆ ಊರು ಸೇರುವ ಆತುರಕ್ಕೆ ತೆರುವ ಬೆಲೆ ಇದು.

ಘಾಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಕಲೇಶಪುರದಿಂದ ಶಿರಾಡಿ ಇಳಿಯುವಾಗ ಡೀಸೆಲ್ ಉಳಿಸುವ ಆಸೆಗೆ ಕೆಲವರು ನ್ಯೂಟ್ರಲ್‌ಗೆ ಹಾಕಿ ಬಿಡುತ್ತಾರೆ. ಆಗ ಎಂಜಿನ್ ತಾನು ಆರದೆ ಇರುವುದಕ್ಕೇ ಇಂಧನ ಕುಡಿಯುತ್ತಿರುತ್ತದೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರುಗಳು ಡೀಸೆಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತವೆ. ಬ್ರೇಕಿನ ಬಿಸಿಯೂ ತಗ್ಗುತ್ತದೆ, ಇಂಧನವೂ ಉಳಿಯುತ್ತದೆ.

ಮೈಲೇಜ್ ಅಳೆಯಲು ನಂಬಬಹುದಾದದ್ದು ಹಳೆಯ ಟ್ಯಾಂಕ್ ಫುಲ್ ವಿಧಾನ. ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಬೇಕು. ಮುಂದಿನ ಸಲ, ಸಾಧ್ಯವಾದರೆ ಅದೇ ಬಂಕಿನ ಅದೇ ಪಂಪಿನಲ್ಲಿ, ಮತ್ತೆ ಕಟ್ ಆಗುವವರೆಗೆ ತುಂಬಿಸಿ ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಬೇಕು. 612 ಕಿ.ಮೀ.ಗೆ 31.5 ಲೀಟರ್ ಹಿಡಿದರೆ ಲೀಟರಿಗೆ 19.4. ನಳಿಕೆ ಒಂದು ಲೀಟರ್ ತಡವಾಗಿ ಕಟ್ ಆದರೆ ಅದೇ ಲೆಕ್ಕ 18.8ಕ್ಕೆ ಇಳಿಯುತ್ತದೆ. ಸಾವಿರ ರೂಪಾಯಿಗೆ ಹಾಕಿಸಿ ಲೆಕ್ಕ ನೋಡಿದರೆ ಇಷ್ಟೇ ವ್ಯತ್ಯಾಸ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ನಾಲ್ಕೈದು ಟ್ಯಾಂಕಿನ ಒಟ್ಟು ಕಿ.ಮೀ.ಯನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ಮಾತ್ರ ನಿಜ ಹೊರಬೀಳುತ್ತದೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಅಂಕಿ ಸಾಮಾನ್ಯವಾಗಿ ಸ್ವಲ್ಪ ಧಾರಾಳದ್ದೇ. ಕಂಪನಿ ಹಾಕಿದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಕಿ.ಮೀ. ಓದುವ ಮೀಟರೂ ತಪ್ಪುತ್ತದೆ.

ಓಡಿಸುವವರು ಮೊದಲು ಒಗ್ಗಿಕೊಳ್ಳಬೇಕಾದದ್ದು ಟರ್ಬೊದ ಸ್ವಭಾವಕ್ಕೆ. ಸುಮಾರು 1,800 ಸುತ್ತಿನ ಕೆಳಗೆ ಎಂಜಿನ್ ಜಡ, ಅದನ್ನು ದಾಟಿದೊಡನೆ ಪಿಕಪ್ ಒಮ್ಮೆಲೇ ಬರುತ್ತದೆ. ರಸ್ತೆಯ ಉಬ್ಬು ದಾಟಿ ಎರಡನೇ ಗೇರಿನಲ್ಲಿ ಎಳೆಯದೆ ಒದ್ದಾಡಿದಾಗ ಮೊದಲನೇ ಗೇರಿಗೆ ಇಳಿಸಲು ಸೋಮಾರಿತನ ಮಾಡಿ ಹಾಫ್ ಕ್ಲಚ್ಚಿನಲ್ಲಿ ತಳ್ಳುವವರ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ಭಾರ, ಆ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಮುಂಭಾಗದ ಟೈರ್, ಸಸ್ಪೆನ್ಷನ್ ಬುಷ್, ಎಂಜಿನ್ ಮೌಂಟ್‌ಗಳ ಖರ್ಚನ್ನು ಮಾಲೀಕರು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ನಿರ್ವಹಣೆಯಲ್ಲಿ ಈ ಎಂಜಿನ್ ಬೇಡುವುದು ಹೆಚ್ಚೇನಲ್ಲ, ಬೇಡಿದ್ದನ್ನು ಮಾತ್ರ ತಪ್ಪಿಸುವಂತಿಲ್ಲ. ಬೆಲ್ಟ್ ಬದಲು ಟೈಮಿಂಗ್ ಚೈನ್ ಇರುವುದು ಅನುಕೂಲವೇ, ಆದರೆ ಚೈನಿನ ಆಯುಸ್ಸು ಆಯಿಲಿನ ಮೇಲೆ ನಿಂತಿದೆ. ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಮಸಿಯಿಂದ, ಅದು ಕೆಟ್ಟಿದೆ ಎಂದಲ್ಲ. ಸರ್ವಿಸ್ ತಡ ಮಾಡಿದರೆ ಮೊದಲು ಪೆಟ್ಟು ತಿನ್ನುವುದು ಟರ್ಬೊ. ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆರಿಸದೆ ಅರ್ಧ ನಿಮಿಷ ಹಾಗೇ ಬಿಡುವುದು ಅದಕ್ಕಾಗಿಯೇ, ಕಾದ ಟರ್ಬೊ ಸುತ್ತ ಆಯಿಲ್ ಸೀಯದಿರಲಿ ಎಂದು. ಇಂಜೆಕ್ಟರುಗಳಿಗೆ ಡೀಸೆಲ್ ಹೋಗುವುದು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ. ಅಲ್ಲಿಗೆ ನೀರಿನ ಹನಿ ಸೇರಿದರೆ ದುರಸ್ತಿಗೆ ಹತ್ತಾರು ಸಾವಿರ ರೂಪಾಯಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಸರ್ವಿಸ್ ಸಮಯದಲ್ಲಿ ತೆಗೆಸುವುದು, ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಈ ಕಾರಿನ ಅತಿ ಅಗ್ಗದ ವಿಮೆ. ಬಂಕಿನಲ್ಲಿ ಕೈತಪ್ಪಿ ಪೆಟ್ರೋಲ್ ಬಿದ್ದರೆ ಕೀಲಿ ತಿರುಗಿಸದೆ ಟ್ಯಾಂಕ್ ಖಾಲಿ ಮಾಡಿಸಬೇಕು, ಏಕೆಂದರೆ ಹೈ ಪ್ರೆಷರ್ ಪಂಪಿಗೆ ಜಾರುಗುಣ ಕೊಡುವುದು ಡೀಸೆಲ್ಲೇ.

ಸಣ್ಣ ಡೀಸೆಲ್ ಕಾರಿನ ಸುಗ್ಗಿಯ ಕಾಲವನ್ನು ತಂದದ್ದು ಸರ್ಕಾರದ ಬೆಲೆ ನೀತಿ. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 73 ರೂಪಾಯಿ, ಡೀಸೆಲ್ ಸುಮಾರು 41. ಪೆಟ್ರೋಲ್ ಕಾರು ಲೀಟರಿಗೆ 14, ಡೀಸೆಲ್ ಕಾರು 18 ಕಿ.ಮೀ. ಕೊಟ್ಟರೆ ಪ್ರತಿ ಕಿ.ಮೀ.ಗೆ ಹೆಚ್ಚುಕಡಿಮೆ ಮೂರು ರೂಪಾಯಿ ಉಳಿತಾಯ. ಡೀಸೆಲ್ ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೂ 34 ಸಾವಿರ ಕಿ.ಮೀ.ಯಲ್ಲಿ ಅಸಲು ಕೈಗೆ ಬರುತ್ತಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ನಿಯಂತ್ರಣ ತೆಗೆದ ಮೇಲೆ ಲೆಕ್ಕ ಬದಲಾಯಿತು. 2020ರ ಜೂನಿನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲನ್ನೇ ಹಿಂದಿಕ್ಕಿತು. ಕರ್ನಾಟಕದಲ್ಲಿ 2025ರ ಏಪ್ರಿಲ್‌ನ ತೆರಿಗೆ ಏರಿಕೆಯ ನಂತರ ಬೆಂಗಳೂರಿನ ದರ ಡೀಸೆಲ್‌ಗೆ 91, ಪೆಟ್ರೋಲಿಗೆ 103 ರೂಪಾಯಿ ಆಸುಪಾಸಿನಲ್ಲಿತ್ತು. ಈಗಿನ ಪೆಟ್ರೋಲ್ ಕಾರು 16 ಕಿ.ಮೀ. ಕೊಡುತ್ತದೆ ಎಂದುಕೊಂಡರೆ ಆ ದರದಲ್ಲಿ ಉಳಿತಾಯ ಕಿ.ಮೀ.ಗೆ 1 ರೂಪಾಯಿ 38 ಪೈಸೆ. ಅದೇ ಒಂದು ಲಕ್ಷ ಮರಳಲು 72 ಸಾವಿರ ಕಿ.ಮೀ. ಓಡಬೇಕು. ವರ್ಷಕ್ಕೆ 12 ಸಾವಿರ ಓಡಿಸುವವರಿಗೆ ಅದು ಆರು ವರ್ಷದ ಮಾತು.

ಇನ್ನೊಂದು ಪೆಟ್ಟು ಹೊಗೆಯ ನಿಯಮದ್ದು. 2020ರ ಏಪ್ರಿಲ್ 1ರಂದು ಬಿಎಸ್6 ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಹೊಸ ನಿಯಮಕ್ಕೆ ಬೇಕಾದ ಸಲಕರಣೆಗಳ ಖರ್ಚನ್ನು ಸಣ್ಣ ಕಾರಿನ ಬೆಲೆ ತಾಳುವಂತಿರಲಿಲ್ಲ. ಅವುಗಳಲ್ಲಿ ಮುಖ್ಯವಾದ ಡಿಪಿಎಫ್ ಹೊಗೆಯ ಮಸಿಯನ್ನು ಹಿಡಿದಿಟ್ಟು ಆಗಾಗ ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟು ಹಾಕುತ್ತದೆ. ಆ ಶಾಖ ಹುಟ್ಟಲು ಕಾರು ಬಿಡದೆ ಹದಿನೈದಿಪ್ಪತ್ತು ನಿಮಿಷ ಒಂದು ವೇಗದಲ್ಲಿ ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು ನಿಲ್ಲುವ ಕಾರಿನಲ್ಲಿ ಡಿಪಿಎಫ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಹಳೆಯ ಬಿಎಸ್4 ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಈ ಕಾಟವಿಲ್ಲ, ಆದರೆ ಚಿಕ್ಕ ಓಡಾಟದಲ್ಲಿ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಅವುಗಳ ಇಜಿಆರ್ ವಾಲ್ವಿನಲ್ಲಿ ಮಸಿ ಗಟ್ಟಿಯಾಗಿ ಎಳೆತ ಕುಂದುತ್ತದೆ.

ಹಾಗಾಗಿ ಸಣ್ಣ ಡೀಸೆಲ್ ಎಂದರೆ ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಮಾತು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದದ್ದರಿಂದ ಅಲ್ಲಿನ ಕಾರುಗಳು ದಕ್ಷಿಣಕ್ಕೂ ಅಗ್ಗಕ್ಕೆ ಬರತೊಡಗಿದವು. ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ, ಮರುನೋಂದಣಿಯ ಖರ್ಚು ಕೂಡಿಸಿದ ಮೇಲೂ ಅಗ್ಗವೇ ಎಂದು ನೋಡಬೇಕು. ಖರೀದಿಗೆ ಮುನ್ನ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಚೈನಿನ ಗಲಗಲ ಸದ್ದು ಆಗಷ್ಟೇ ಸ್ಪಷ್ಟ. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಇಲ್ಲವೇ ಗಾಳಿಯ ದಾರಿಯಲ್ಲಿ, ನೀಲಿ ಹೊಗೆ ಬಂದರೆ ಟರ್ಬೊ ಇಲ್ಲವೇ ಪಿಸ್ಟನ್ ರಿಂಗಿನಲ್ಲಿ ತೊಂದರೆ ಇರಬಹುದು. ತಿಂಗಳಿಗೆ ಸಾವಿರದೈನೂರು ಕಿ.ಮೀ.ಗೂ ಮೇಲ್ಪಟ್ಟು, ಅದೂ ಹೆದ್ದಾರಿಯಲ್ಲಿ ಓಡಿಸುವವರಿಗೆ ಸುಸ್ಥಿತಿಯ ಇಂಥ ಕಾರು ಈಗಲೂ ಲಾಭದ ವ್ಯವಹಾರ. ಊರೊಳಗಿನ ಐದಾರು ಕಿ.ಮೀ. ಓಡಾಟಕ್ಕೆ ಪೆಟ್ರೋಲ್ ಕಾರೇ ಲೇಸು.