ತೇಗದ ಹುಳುವನ್ನು ಅರಿತವರು

ಮುಂಗಾರಿಗೆ ಮುಂಚಿನ ಮಳೆಗೆ ತೇಗ ಚಿಗುರಿತೆಂದರೆ ಹಿಬ್ಲಿಯಾ ಪ್ಯೂರಾ ಎಂಬ ಪುಟ್ಟ ಪತಂಗ ಹಿಂಡುಹಿಂಡಾಗಿ ಬಂದಿಳಿಯುತ್ತದೆ. ಅದರ ಮರಿಹುಳುಗಳು ಎಳೆ ಎಲೆಗಳನ್ನು ತಿಂದು ಇಡೀ ನೆಡುತೋಪನ್ನೇ ಬೋಳು ಮಾಡಬಲ್ಲವು. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಹಾಗಾಗಿ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಆ ಕಾಣದ ನಷ್ಟವನ್ನು ಅಳೆದು ತೋರಿಸಿದವರು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಕೆ.ಎಸ್.ಎಸ್. ನಾಯರ್ ಮತ್ತು ಸಂಗಡಿಗರು. ನಿಲಂಬೂರಿನ ಎಳೆಯ ತೋಪಿನಲ್ಲಿ ಕೆಲವು ಮರಗಳನ್ನು ಹುಳುವಿನಿಂದ ಕಾಪಾಡಿದರು, ಕೆಲವನ್ನು ಹಾಗೇ ಬಿಟ್ಟರು. 5 ವರ್ಷ ಬೆಳವಣಿಗೆ ಅಳೆದಾಗ, ಹುಳು ತಿಂದ ಮರಗಳಲ್ಲಿ ಕೂಡಬೇಕಿದ್ದ ಮರದ ಗಾತ್ರದಲ್ಲಿ ಶೇ. 44ರಷ್ಟು ಇಲ್ಲವಾಗಿತ್ತು. ಅದೇ ಅಧ್ಯಯನ ಇನ್ನೊಂದು ಸತ್ಯವನ್ನೂ ಹೇಳಿತು: ನರಗಳನ್ನಷ್ಟೇ ಉಳಿಸಿ ಎಲೆಯನ್ನು ಜಾಲರಿಯಾಗಿಸುವ ಮತ್ತೊಂದು ಹುಳುವಿನಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಯಾವುದನ್ನು ತಡೆಯಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂಬ ಈ ವಿವೇಕ ದೊಡ್ಡದು.

ಮದ್ದನ್ನೂ ಅವರು ಕಾಡಿನಲ್ಲೇ ಹುಡುಕಿದರು. ಹುಳುಗಳಿಗೆ ಸಹಜವಾಗಿ ತಗಲುವ ಒಂದು ವೈರಾಣುವನ್ನು ಗುರುತಿಸಿ, ಅದೇ ಹುಳುಗಳಲ್ಲಿ ಬೆಳೆಸಿ, ಸಿಂಪಡಿಸುವ ಕ್ರಮ ರೂಪಿಸಿದರು. ಬಿಸಿಲಿನ ಅತಿನೇರಳೆ ಕಿರಣ ವೈರಾಣುವನ್ನು ಕೆಡಿಸುವುದರಿಂದ ಸಂಜೆಯ ಸಿಂಪಡಣೆ ಒಳ್ಳೆಯದು. ಜೇನಿಗೆ, ಹಕ್ಕಿಗೆ, ಹೊಳೆಯ ಮೀನಿಗೆ ಇದರಿಂದ ತೊಂದರೆಯಿಲ್ಲ.

ವಿಷ ಸುರಿಯುವ ಮೊದಲು ಹುಳುವಿನ ಬದುಕನ್ನು ತಾಳ್ಮೆಯಿಂದ ಅರಿಯಬೇಕು. ಕಾಡು ಕಾಯುವವರೂ ಕೃಷಿಕರೂ ಈ ಕೆಲಸದಿಂದ ಕಲಿಯಬೇಕಾದ ಪಾಠ ಇದೇ.