ಹೊಂಗೆಯ ಸೇತುವೆ ಮತ್ತು ಏಳು ಜನ ಅಣ್ಣತಮ್ಮಂದಿರು: 'ಬಡಗ' ಎಂಬ ಹೆಸರಿನ ಎರಡು ಕಥೆಗಳು

1544ರಲ್ಲಿ ಕನ್ಯಾಕುಮಾರಿಯ ಸುತ್ತಣ ಕರಾವಳಿಯಿಂದ ಜೆಸುಯಿಟ್ ಪಾದ್ರಿ ಫ್ರಾನ್ಸಿಸ್ ಸೇವಿಯರ್ ಬರೆದ ಪತ್ರಗಳಲ್ಲಿ 'ಬಡಗ' ಎಂಬುದು ಭಯದ ಹೆಸರು. ಪರವರ ಮೀನುಗಾರ ಹಳ್ಳಿಗಳ ಮೇಲೆ ಈ ದಂಡಿನವರು ಎರಗಿದಾಗ ಜನ ಕಡಲೊಳಗಿನ ಬಂಡೆಗಳನ್ನು ಏರಿ ಹಸಿವು ಬಾಯಾರಿಕೆಗಳಲ್ಲಿ ಸಾಯುತ್ತಿದ್ದರೆಂದೂ, ಅವರಿಗೆ ಅನ್ನನೀರು ಒಯ್ಯಲು ದೋಣಿಗಳು ಹೊರಟವೆಂದೂ ಆ ಪತ್ರಗಳು ತಿಳಿಸುತ್ತವೆ. 1603ರಲ್ಲಿ ಇನ್ನೊಬ್ಬ ಜೆಸುಯಿಟ್, ಜಿಯಾಕೊಮೊ ಫೆನಿಸಿಯೊ, ಮಲಬಾರಿನ ಕಡೆಯಿಂದ ನೀಲಗಿರಿಯನ್ನು ಹತ್ತಿದ. ತೋಡರನ್ನು ಕಾಣಲು ಹೋದ ಅವನ ವರದಿಯಲ್ಲಿಯೂ 'ಬಡಗ'ರಿದ್ದಾರೆ. ಆದರೆ ಇವರ ಕೈಯಲ್ಲಿ ಕತ್ತಿಯಿಲ್ಲ, ಇವರು ಬೆಟ್ಟದಲ್ಲಿ ಹಳ್ಳಿ ಕಟ್ಟಿಕೊಂಡು ನೆಲೆನಿಂತವರು. ಕೇವಲ 59 ವರ್ಷಗಳ ಅಂತರದಲ್ಲಿ, ಒಂದೇ ಸಂಘದ ಇಬ್ಬರು ಪಾದ್ರಿಗಳ ಲೇಖನಿಯಲ್ಲಿ, ಒಂದೇ ಹೆಸರು ಒಮ್ಮೆ ಸೂರೆಗಾರನಿಗೂ ಒಮ್ಮೆ ಒಕ್ಕಲಿಗನಿಗೂ ಸಂದಿದೆ.

ಮೊದಲನೆಯವರು ಯಾರೆಂಬ ವಿಷಯದಲ್ಲಿ ಈಗ ವಿವಾದವಿಲ್ಲ. ಅವರು ವಿಜಯನಗರದ ದಂಡಿನೊಂದಿಗೆ ದಕ್ಷಿಣಕ್ಕೆ ಇಳಿದ, ಬಹುಪಾಲು ತೆಲುಗು ಮಾತಿನ ಯೋಧರು; ತಮಿಳರ ಬಾಯಲ್ಲಿ 'ವಡುಗರು'. ಬಿಷಪ್ ಕಾಲ್ಡ್‌ವೆಲ್ 1881ರ ತಿರುನೆಲ್ವೇಲಿ ಚರಿತ್ರೆಯಲ್ಲಿಯೇ ಇದನ್ನು ಬಿಡಿಸಿ ಹೇಳಿದ್ದಾನೆ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ಸಾಮಾನ್ಯ: ವೇರ್ ಎಂಬುದು ಬೇರು, ವಿಲ್ ಎಂಬುದು ಬಿಲ್ಲು. ಹಾಗೆಯೇ ವಡ ಎಂಬುದು ಬಡ. ಯಕ್ಷಗಾನದ ಬಡಗುತಿಟ್ಟನ್ನು ಬಲ್ಲ ಕನ್ನಡ ಓದುಗರಿಗೆ ಈ ಪದದ ಅರ್ಥವನ್ನು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಬೇರೆ: ತನ್ನ ಸ್ವಂತ ಊರಿನಲ್ಲಿ ಯಾರೂ ಬಡಗನಲ್ಲ. ತೆಂಕಣಕ್ಕೆ ಬಂದ ಮೇಲೆ, ಅಲ್ಲಿ ಮೊದಲೇ ಇದ್ದವರು ಕೊಡುವ ಹೆಸರು ಅದು. ಅದು ದಿಕ್ಕನ್ನು ಹೇಳುತ್ತದೆ. ಜಾತಿಯನ್ನಾಗಲಿ ಭಾಷೆಯನ್ನಾಗಲಿ ಕುಲವನ್ನಾಗಲಿ ಹೇಳುವುದಿಲ್ಲ. ಆದರೂ ಕಳೆದ ನೂರಕ್ಕೂ ಹೆಚ್ಚು ವರ್ಷಗಳಿಂದ ಈ ದಿಕ್ಕಿನ ಹೆಸರನ್ನು ವಂಶಾವಳಿಯೆಂಬಂತೆ ಓದಲಾಗುತ್ತಿದೆ.

ತೆಲುಗು ಯೋಧಜಾತಿಗಳ ಮೂಲದ ಪ್ರಶ್ನೆಯನ್ನು ಮೊದಲು ನೋಡಬಹುದು. ಕಾಕತೀಯರ ಕಾಲದ ಶಾಸನಗಳನ್ನು ಎಣಿಸಿ ಓದಿದ ಸಿಂಥಿಯಾ ಟಾಲ್ಬಟ್ ಅವರ 2001ರ ಗ್ರಂಥ ಇಲ್ಲಿ ದೊಡ್ಡ ನೆರವು. ಆ ಶಾಸನಗಳಲ್ಲಿ ವ್ಯಕ್ತಿಯನ್ನು ಗುರುತಿಸುವುದು ಜಾತಿಯಿಂದಲ್ಲ, ಹುದ್ದೆಯಿಂದ ಮತ್ತು ಬಿರುದಿನಿಂದ: ನಾಯಕ, ರೆಡ್ಡಿ, ಬೋಯ. ಅಂದಿನ ಹಲವು ಅಧಿಕಾರಸ್ಥ ಮನೆತನಗಳು ತಾವು ವಿಷ್ಣುವಿನ ಪಾದದಲ್ಲಿ ಹುಟ್ಟಿದ ನಾಲ್ಕನೆಯ ವರ್ಣದವರೆಂದು ಹೆಮ್ಮೆಯಿಂದಲೇ ಕಲ್ಲಿನಲ್ಲಿ ಬರೆಸಿದವು. ಇಂದು ಮುಚ್ಚಿದ ಜಾತಿಗಳಾಗಿ ಕಾಣುವ ಗುಂಪುಗಳು ಆ ಹೊತ್ತಿಗೆ ಇನ್ನೂ ಗಟ್ಟಿಯಾಗಿರಲಿಲ್ಲ; ನಾಯಕ ಎಂಬುದು ಮೊದಲು ದೊರಕಿಸಿಕೊಳ್ಳುವ ಪದವಿಯಾಗಿದ್ದು, ಆಮೇಲೆ ಹುಟ್ಟಿನಿಂದ ಬರುವ ಹೆಸರಾಯಿತು. ಕಾಕತೀಯರು ಅಳಿದು ಎರಡು ಶತಮಾನ ಕಳೆದ ಮೇಲೆ ರಚಿತವಾದ 'ಪ್ರತಾಪಚರಿತ್ರಮು' ಓರುಗಲ್ಲಿನ ಕೋಟೆಯನ್ನು ಕಾಯಲು 77 ಮಂದಿ ಪದ್ಮನಾಯಕರಿದ್ದರೆಂದು ಹೇಳುತ್ತದೆ. ಅತ್ತ ಮಧುರೆಯಲ್ಲಿ, 1529ರ ಸುಮಾರಿಗೆ ಆಳ್ವಿಕೆ ತೊಡಗಿದ ವಿಶ್ವನಾಥ ನಾಯಕನ ಹೆಸರಿನಲ್ಲಿ, ಕೋಟೆಯ 72 ಕೊತ್ತಳಗಳಿಗೆ 72 ಪಾಳೆಯಗಾರರೆಂಬ ಕಥೆ ನಿಂತಿದೆ. ಓರುಗಲ್ಲಿನ ಕೊತ್ತಳಗಳು ಮಧುರೆಗೆ ನಡೆದುಬಂದವೆಂದೇ ತೋರುತ್ತದೆ. ದಂಡು ಹೋದಲ್ಲೆಲ್ಲ ಆಯುಧದೊಂದಿಗೆ ಒಂದು ಕಥೆಯ ಅಚ್ಚೂ ಹೋಗುತ್ತದೆ.

ಮಧುರೆಯ ಸೀಮೆಯ ತೆಲುಗು ಪಾಳೆಯಗಾರರಲ್ಲಿ ರಾಜಕಂಬಳತ್ತಾರರು, ಅಂದರೆ ತೊಟ್ಟಿಯ ನಾಯಕರು, ಮುಖ್ಯರು. 1799ರಲ್ಲಿ ಕಯತ್ತಾರಿನಲ್ಲಿ ನೇಣುಗಂಬವೇರಿದ ಪಾಂಚಾಲಂಕುರಿಚಿಯ ಕಟ್ಟಬೊಮ್ಮನ್ ಈ ಸಮುದಾಯದವನು. (1959ರ ಚಲನಚಿತ್ರದಲ್ಲಿ ಶಿವಾಜಿ ಗಣೇಶನ್ ಅವನಿಗೆ ಕೊಟ್ಟ ಅಚ್ಚ ತಮಿಳಿನ ವಾಗ್ಝರಿ ತಮಿಳು ನಾಡಿನ ನೆನಪಿನಲ್ಲಿ ಉಳಿದುಬಿಟ್ಟಿದೆ; ಮನೆಮಾತು ತೆಲುಗಾದ ಪಾಳೆಯಗಾರನನ್ನು ತಮಿಳಿನ ಗಂಡುದನಿಯಾಗಿಸಿದ ನಿರ್ದೇಶಕ, ಮುಂದೆ 'ಕಿತ್ತೂರು ಚೆನ್ನಮ್ಮ'ವನ್ನು ಕನ್ನಡಕ್ಕೆ ಕೊಟ್ಟ ಬಿ. ಆರ್. ಪಂತುಲು. ಮೂಲಪುರುಷರ ಭಾಷೆ ಎಷ್ಟು ಸಲೀಸಾಗಿ ಬದಲಾಗಬಲ್ಲದು!) ಇವರ ವಲಸೆಯ ಕಥೆ ಮೆಕೆಂಜಿ ಹಸ್ತಪ್ರತಿಗಳಲ್ಲಿದೆ. 1906ರ ಮಧುರೆ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅದನ್ನು ಸಂಗ್ರಹಿಸಿ ಹೇಳುತ್ತಾನೆ. ಇವರು ತುಂಗಭದ್ರೆಯ ಉತ್ತರಕ್ಕಿದ್ದರು. ಅಲ್ಲಿನ ಮುಸಲ್ಮಾನರು ಇವರ ಹೆಣ್ಣುಗಳನ್ನು ಕೇಳಿದರು, ಗೋಮಾಂಸ ತಿನ್ನಿಸಲು ನೋಡಿದರು. ಒಂದು ರಾತ್ರಿ ಕುಲವೆಲ್ಲ ಹೊರಟಿತು. ಮುಂದೆ ತುಂಬಿದ ಹೊಳೆ, ಹಿಂದೆ ಅಟ್ಟಿಬರುವವರು. ಆಗ ಎರಡು ದಡದ ಹೊಂಗೆಮರಗಳು ಬಾಗಿ ನಡುಹೊಳೆಯಲ್ಲಿ ಕೂಡಿ ಸೇತುವೆಯಾದವು. ಇವರು ದಾಟಿದ ಕೂಡಲೇ ಮತ್ತೆ ನೆಟ್ಟಗಾದವು. ಮದುವೆಯ ಚಪ್ಪರಕ್ಕೆ ಹೊಂಗೆಯೇ ಬೇಕೆಂಬ ಕಟ್ಟಳೆ ಅದರಿಂದ ಬಂತು. ಮುಂದೆ ವಿಜಯನಗರದ ಅರಸನ ಊಳಿಗ, ಅವನ ದಂಡಿನೊಂದಿಗೆ ಮಧುರೆ.

ಅದೇ ಪ್ರದೇಶದಲ್ಲಿ ಕನ್ನಡ ಮಾತಾಡುವ ಕಪ್ಪಿಲಿಯರೂ ಅನುಪ್ಪರೂ ಇದ್ದಾರೆ. ಅವರ ವಲಸೆಯ ಕಥೆಯೂ ತೊಟ್ಟಿಯರ ಕಥೆಯನ್ನೇ ಹೋಲುತ್ತದೆಂದು ಅದೇ ಮೂಲಗಳು ಹೇಳುತ್ತವೆ. ಒಂಬತ್ತು ಕಂಬಳಗಳೆಂಬ ಕೂಟದಲ್ಲಿ ಇವರೂ ಸೇರಿದವರು. ಎರಡು ಭಾಷೆಗಳಿಗೆ ಸೇರಿದ ಗುಂಪುಗಳಿಗೆ ಒಂದೇ ಮೂಲಕಥೆಯಿದ್ದರೆ, ಆ ಕಥೆಯನ್ನು ಯಾವುದಾದರೂ ಒಂದು ಜಾತಿಯ ಚರಿತ್ರೆಯೆಂದು ಹಿಡಿಯುವುದು ಹೇಗೆ? ಅದು ದಂಡಿನ ಬೀಡಿನಲ್ಲಿ ಹಂಚಿಕೊಂಡ ಕಥೆಯೆಂದು ಓದುವುದೇ ಹೆಚ್ಚು ಸರಿ.

ಇನ್ನು ಬೆಟ್ಟಕ್ಕೆ ಬರಬಹುದು. ನೀಲಗಿರಿಯ ಬಡಗರ ಕಥೆಯನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ತನ್ನ ಏಳು ಸಂಪುಟಗಳ ಜಾತಿಕೋಶದಲ್ಲಿ ಅಚ್ಚು ಹಾಕಿಸಿದ. ಮೋಯಾರ್ ಕಣಿವೆಯ ಆಚೆಯ ತಾಳಮಲೆಯಲ್ಲಿ ಏಳು ಜನ ಅಣ್ಣತಮ್ಮಂದಿರೂ ಅವರ ತಂಗಿಯೂ ಇದ್ದರು. ಮುಸಲ್ಮಾನ ದೊರೆಯೊಬ್ಬ ತಂಗಿಯ ಮೇಲೆ ಕಣ್ಣು ಹಾಕಿದ. ಅವರು ಅವಳನ್ನು ಕರೆದುಕೊಂಡು ಓಡಿಬಂದು ಬೆತಲಹಾಡದ ಬಳಿ ನೆಲೆಸಿದರು. ಅಲ್ಲಿಂದ ಬೇರೆಬೇರೆಯಾಗಿ ಬೆಟ್ಟದ ತುಂಬ ಹಟ್ಟಿಗಳನ್ನು ಕಟ್ಟಿದರು. ಕಥೆಯ ಬೀಜ ಒಂದೇ, ಬೆಳೆ ಬೇರೆ. ತೊಟ್ಟಿಯರ ಓಟ ಅರಸನ ಓಲಗದಲ್ಲಿ ಮುಗಿದರೆ, ಬಡಗರ ಓಟ ಹೊಲದಲ್ಲಿ ಮುಗಿಯುತ್ತದೆ. ಕೋಮಟಿಗರ ವಾಸವಿಯ ಕಥೆಯಲ್ಲಿಯೂ ಇದೇ ಬೀಜವಿದೆ. ಅಲ್ಲಿ ಹೆಣ್ಣು ಕೇಳುವವನು ವಿಷ್ಣುವರ್ಧನನೆಂಬ ಹಿಂದೂ ಅರಸು. ಅಲ್ಲಿ ಓಟವಿಲ್ಲ, ಪೆನುಗೊಂಡೆಯ ಅಗ್ನಿಕುಂಡವಿದೆ. ಖಳನ ಮತ ಯಾವುದೆಂಬುದು ಕಥೆಯ ಕಟ್ಟಿಗೆ ಅಷ್ಟು ಅಗತ್ಯವಲ್ಲವೆಂದು ಇದರಿಂದ ತಿಳಿಯುತ್ತದೆ. ಅಗತ್ಯವಾದದ್ದು ಹೆಣ್ಣನ್ನು ಕೊಡಲೊಲ್ಲೆವೆಂಬ ನಿರಾಕರಣೆ. ಒಂದು ಗುಂಪು ತನ್ನ ಗಡಿಯನ್ನು ಎಳೆದುಕೊಳ್ಳುವುದು ಅಲ್ಲಿ. ನಿರಾಕರಣೆಯ ಬಳಿಕ ಏನಾಯಿತೆಂಬುದರಲ್ಲಿ ಆ ಗುಂಪಿನ ಕಸುಬು ಮತ್ತು ಮರ್ಯಾದೆ ಇವೆ.

ಥರ್ಸ್ಟನ್ ಈ ಸಾದೃಶ್ಯದ ಕಡೆಗೆ ತಿರುಗಿ ನೋಡಲಿಲ್ಲ. ಅವನ ಕೋಶ ಅಕ್ಷರಾನುಕ್ರಮದ್ದು: ಬಡಗರು ಮೊದಲ ಸಂಪುಟದಲ್ಲಿ, ತೊಟ್ಟಿಯರು ಏಳನೆಯದರಲ್ಲಿ. ನಡುವೆ ಬಿದ್ದ ಸಾವಿರಾರು ಪುಟಗಳು ಒಂದೇ ಕಥೆಯ ಎರಡು ರೂಪಗಳನ್ನು ಪರಸ್ಪರ ಕಾಣದಂತೆ ಮಾಡಿದವು. ಜಾತಿಗೊಂದು ನಮೂದು, ನಮೂದಿಗೊಂದು ಮೂಲ ಎಂಬ ಈ ಏರ್ಪಾಡು ಮೂಗು ತಲೆಬುರುಡೆಗಳ ಅಳತೆಗಿಂತ ಹೆಚ್ಚು ಹಾನಿ ಮಾಡಿದೆ. ಅಳತೆಗಳನ್ನು ಇಂದು ಯಾರೂ ನಂಬುವುದಿಲ್ಲ, ನಮೂದುಗಳನ್ನು ಎಲ್ಲರೂ ಎತ್ತಿ ಬರೆಯುತ್ತಾರೆ. ಫ್ರಾನ್ಸಿಸನ ಬಗೆಗೆ ಅಷ್ಟು ಕಟುವಾಗಬೇಕಿಲ್ಲ. 1908ರ ನೀಲಗಿರಿ ಗೆಜೆಟಿಯರಿನಲ್ಲಿ ಆತ ದಂತಕಥೆಗೆ ಜೋತುಬೀಳದೆ, ಎರಡು ಮೊಳೆಗಳ ನಡುವೆ ದಾರ ಕಟ್ಟುತ್ತಾನೆ: ಬಡಗರಲ್ಲಿ ಲಿಂಗಾಯತರಿರುವುದರಿಂದ ವಲಸೆ 12ನೆಯ ಶತಮಾನದ ಬಳಿಕ ನಡೆದಿರಬೇಕು, ಪಾದ್ರಿಗಳು ಬೆಟ್ಟದಲ್ಲಿ ಅವರನ್ನು ಕಂಡಿದ್ದರಿಂದ 17ನೆಯ ಶತಮಾನ ಹುಟ್ಟುವ ಮುನ್ನ ನಡೆದಿರಬೇಕು. ಇದು ಕಥೆಯನ್ನು ಬದಿಗಿಟ್ಟು ಸಾಕ್ಷ್ಯವನ್ನು ಹಿಡಿದ ಬರವಣಿಗೆ. ಟಿಪ್ಪುವಿಗೆ ಹೆದರಿ ಬಡಗರು ಬೆಟ್ಟ ಸೇರಿದರೆಂಬ, ಇಂದಿಗೂ ಚಾಲ್ತಿಯಲ್ಲಿರುವ ಮಾತು ಫೆನಿಸಿಯೊನ ಒಂದು ವರದಿಯ ಮುಂದೆಯೇ ನಿಲ್ಲುವುದಿಲ್ಲ. ಅವನು ಬೆಟ್ಟ ಹತ್ತಿದಾಗ ಟಿಪ್ಪುವಿನ ತಂದೆಯೂ ಹುಟ್ಟಿರಲಿಲ್ಲ.

ಇದೆಲ್ಲ ಹಳೆಯ ಕಾಗದಗಳ ಜಗಳವಲ್ಲ. ತಮ್ಮನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಬೇಕೆಂದು ಬಡಗರು ಬಹುಕಾಲದಿಂದ ಕೇಳುತ್ತಿದ್ದಾರೆ. 'ನೀವು ಹೊರಗಿನಿಂದ ಬಂದವರು, ನಿಮ್ಮ ಹೆಸರೇ ಅದನ್ನು ಹೇಳುತ್ತದೆ' ಎಂದು ಎದುರಾಡುವವರು ಏಳು ಅಣ್ಣತಮ್ಮಂದಿರ ಕಥೆಯನ್ನೇ ಮುಂದೊಡ್ಡುತ್ತಾರೆ. ಅದಕ್ಕೆ ಉತ್ತರವಾಗಿ ವಲಸೆಯೇ ಸುಳ್ಳು, ನಾವು ಆದಿಯಿಂದ ಇಲ್ಲಿಯವರು ಎಂಬ ವಾದವೂ ಹುಟ್ಟಿದೆ. ಕನ್ನಡದ ಕಡೆಯಿಂದ ಮೂರನೆಯ ಒಂದು ಧ್ವನಿ ಕೇಳಿಸುತ್ತದೆ: ಇವರು ಬೆಟ್ಟದಲ್ಲಿ ಕಳೆದುಹೋದ ಕನ್ನಡಿಗರು, ಇವರ ನುಡಿ ಕನ್ನಡದ ಒಂದು ಉಪಭಾಷೆ. ಜನಗಣತಿಯೂ ಬಡಗ ನುಡಿಯನ್ನು ಕನ್ನಡದ ಅಡಿಯಲ್ಲಿಯೇ ಎಣಿಸುತ್ತದೆ. 2011ರಲ್ಲಿ ಹಾಗೆ ಎಣಿಸಿದವರು 1.3 ಲಕ್ಷಕ್ಕೂ ಮಿಕ್ಕಿ. ಮೂವರೂ ಒಂದೇ ಕಥೆಯನ್ನು ಸಾಕ್ಷಿಕಟ್ಟೆಗೆ ಎಳೆಯುತ್ತಾರೆ. ಹೊಂಗೆಮರ ಬಾಗಿದ್ದಕ್ಕೆ ಸಾಕ್ಷಿ ಕೇಳದವರು ತಂಗಿಯೊಡನೆ ಓಡಿಬಂದದ್ದಕ್ಕೆ ಮಾತ್ರ ದಾಖಲೆಯ ಮಾನ್ಯತೆ ಕೊಡುವುದು ವಿಚಿತ್ರ.

ಕಥೆಗಿಂತ ನುಡಿ ಒಳ್ಳೆಯ ಸಾಕ್ಷಿ. ಕನ್ನಡದಲ್ಲಿ ಪಕಾರ ಹಕಾರವಾಗುವ ಬದಲಾವಣೆ 10ನೆಯ ಶತಮಾನದ ಸುಮಾರಿಗೆ ತೊಡಗಿ 14ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಹರಡಿತ್ತು. ಬಡಗ ನುಡಿಯಲ್ಲಿಯೂ ಹಟ್ಟಿ, ಹಾಲು, ಹತ್ತು ಎಂದೇ ಇದೆ. ಈ ಬದಲಾವಣೆಯಲ್ಲಿ ಅದು ಕನ್ನಡದ ಜೊತೆಗೇ ನಡೆದಿದೆ. ಆದರೆ ಎಮೆನೊ 1939ರಲ್ಲಿ ವಿವರಿಸಿದ ಅದರ ಮೂರ್ಧನ್ಯ ಸ್ವರಗಳು, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಸ್ವರಗಳು, ಕನ್ನಡದಲ್ಲಿಲ್ಲ. ಹಾಕಿಂಗ್ಸ್ ಮತ್ತು ಪಿಲೊ ರೈಚೂರ್ ಅವರ 1992ರ ನಿಘಂಟು ತನ್ನದೇ ಆದ ಪದಸಂಪತ್ತುಳ್ಳ ಒಂದು ನುಡಿಯನ್ನು ಕಾಣಿಸುತ್ತದೆ. ಅದನ್ನು ಕೆಟ್ಟುಹೋದ ಕನ್ನಡವೆಂದು ಓದಲು ಬರುವುದಿಲ್ಲ. ಕನ್ನಡದಿಂದ ಬೇರೆಯಾದ ನುಡಿಯೆಂದು ಹೇಳಿದರೆ ಕನ್ನಡದ ಗೌರವಕ್ಕೆ ಕುಂದಿಲ್ಲ. ಕನ್ನಡದ ಬಳಗದ್ದೆಂದು ಹೇಳಿದರೆ ಬೆಟ್ಟದ ಮೇಲಿನ ಹಕ್ಕಿಗೂ ಕುಂದಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಲು ಕನ್ನಡ ವಿದ್ವತ್ತು ಇನ್ನೂ ಹಿಂಜರಿಯುತ್ತಿದೆ.

ಬಡಗರ ಒಳಪಂಗಡಗಳ ಹೆಸರುಗಳನ್ನು ಸಹ ಹೀಗೆಯೇ ಓದಬಹುದು. ಉದಯ, ಹಾರುವ, ಅಧಿಕಾರಿ, ಕಣಕ್ಕ, ಬಡಗ, ತೊರೆಯ ಎಂದು ಗೆಜೆಟಿಯರ್ ಕಾಲದ ಪಟ್ಟಿ. ಇದರಲ್ಲಿ ಅಧಿಕಾರಿ, ಕಣಕ್ಕ ಎಂಬವು ಹುದ್ದೆಗಳು. ಹಾರುವರು ಜನಿವಾರದವರು, ಉದಯರು ಲಿಂಗಾಯತರು. ಏಳು ಅಣ್ಣತಮ್ಮಂದಿರ ಒಂದು ಬಸಿರಿನಿಂದ ಈ ಪಟ್ಟಿ ಹೊರಡುವುದು ಕಷ್ಟ. ಬೇರೆಬೇರೆ ಕಾಲಕ್ಕೆ, ಬೇರೆಬೇರೆ ಕಾರಣಕ್ಕೆ ಬೆಟ್ಟ ಹತ್ತಿದವರು ಒಂದು ಕಥೆಯೊಳಗೆ ಅಣ್ಣತಮ್ಮಂದಿರಾದರೆಂಬುದೇ ಹೆಚ್ಚು ಸಂಭಾವ್ಯ. ತೆಲುಗು ನಾಡಿನಲ್ಲಿ ನಾಯಕ ಎಂಬ ಪದವಿ ಜಾತಿಯಾದಂತೆ ಇಲ್ಲಿ ಕರಣಿಕನ ಲೆಕ್ಕದ ಕೆಲಸ ಕುಲವಾಗಿದೆ. ಕತ್ತಿಯ ಹಾದಿಯಾಗಲಿ ನೇಗಿಲ ಹಾದಿಯಾಗಲಿ, ಜಾತಿ ಕಟ್ಟುವ ಕೆಲಸ ಒಂದೇ ಬಗೆಯಲ್ಲಿ ನಡೆದಿರುವಂತಿದೆ.

ನೀಲಗಿರಿ ಬರಹಕ್ಕೆ ಬಂದದ್ದೇ ಯುದ್ಧದ ಮಾತಾಗಿ. ವಿಷ್ಣುವರ್ಧನನ ದಂಡನಾಯಕ ಪುಣಿಸ ತೋಡರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದನೆಂದು 1117ರ ಚಾಮರಾಜನಗರದ ಕನ್ನಡ ಶಾಸನ ಹೇಳುತ್ತದೆ. ದಣ್ಣಾಯಕನ ಹೆಸರನ್ನು ಹೊತ್ತ ಕೋಟೆ ಮೋಯಾರ್ ಮತ್ತು ಭವಾನಿ ಕೂಡುವೆಡೆಯಲ್ಲಿತ್ತು; 1955ರಲ್ಲಿ ಮುಗಿದ ಭವಾನಿಸಾಗರದ ನೀರಿನಡಿ ಈಗ ಮುಳುಗಿದೆ. ಇಷ್ಟೊಂದು ದಂಡನಾಯಕರ ನೆರಳು ಬಿದ್ದ ಬೆಟ್ಟದಲ್ಲಿ ಬಡಗರು ತಮಗೊಬ್ಬ ವೀರ ಮೂಲಪುರುಷನನ್ನು ಕಲ್ಪಿಸಿಕೊಳ್ಳಬಹುದಿತ್ತು. ಇಂದಿನ ಜಾತಿ ಸಂಘಗಳ ಚರಿತ್ರೆಗಳು ಮಾಡುವುದು ಅದನ್ನೇ. ಹಳೆಯ ಕಥೆ ಹಾಗೆ ಮಾಡಲಿಲ್ಲ. ಬಡಗರು ಇಂದಿಗೂ ಬೇರಗಣಿಯಲ್ಲಿ ನೆರೆದು ಹಬ್ಬ ಮಾಡುವುದು ಹೆತ್ತೆಗೆ, ಅಜ್ಜಿಯಾದ ಒಬ್ಬ ಹೆಣ್ಣಿಗೆ.

ಥರ್ಸ್ಟನ್ ಬರೆದುಕೊಂಡ ಕಥೆಯ ಎರಡನೆಯ ಭಾಗದಲ್ಲಿ ಯೋಧರು ಬರುವುದು ಹೇಗೆಂಬುದು ಇನ್ನೂ ಕುತೂಹಲಕರ. ಆ ಭಾಗವನ್ನು ಯಾರೂ ಎತ್ತಿ ಬರೆಯುವುದಿಲ್ಲ. ಎರಡನೆಯ ಅಣ್ಣ ಹೆತ್ತಪ್ಪ ಮನೆಯಲ್ಲಿಲ್ಲದಾಗ ಇಬ್ಬರು ತೋಡರು ನುಗ್ಗಿ ಅವನ ಹೆಂಡತಿಯನ್ನು ಕೆಡಿಸಿ ಬದುಕನ್ನು ದೋಚುತ್ತಾರೆ. ತಾಳಮಲೆಯಲ್ಲಿ ತಪ್ಪಿಸಿಕೊಂಡದ್ದು ಬೆಟ್ಟದ ಮೇಲೆ ಎದುರಾಗುತ್ತದೆ, ಈ ಸಲ ದೊರೆಯಿಂದಲ್ಲ, ನೆರೆಯವರಿಂದ. ಹೆತ್ತಪ್ಪ ತಾನು ಕತ್ತಿ ಹಿಡಿಯುವುದಿಲ್ಲ. ಬಲಯಾರು ಎಂಬ ಇಬ್ಬರ ನೆರವು ಕೇಳುತ್ತಾನೆ. ಅವರು ಕೂಲಿಯಾಗಿ ಅವನ ಇಬ್ಬರು ಹೆಣ್ಣುಮಕ್ಕಳನ್ನು ಕೇಳುತ್ತಾರೆ. ಹೆಣ್ಣನ್ನು ಕೊಡಲೊಲ್ಲದೆ ನಾಡು ಬಿಟ್ಟ ಮನೆ ಇಲ್ಲಿ ಆಯುಧಕ್ಕೆ ಬದಲಾಗಿ ಹೆಣ್ಣು ಕೊಡುತ್ತದೆ. ತೋಡರು ಸಾಯುತ್ತಾರೆ, ಮದುವೆಗಳಾಗುತ್ತವೆ, ಹುಲಿಕಲ್ಲಿನವರು ಆ ಸಂತತಿಯೆಂದು ಕಥೆ ನಿಲ್ಲುತ್ತದೆ. ತೊಟ್ಟಿಯರ ಕಥೆಯಲ್ಲಿ ಕುಲವೇ ದಂಡಾಗಿ ಅರಸನ ಊಳಿಗಕ್ಕೆ ಹೋದರೆ, ಇಲ್ಲಿ ದಂಡಾಳುಗಳು ಅಳಿಯಂದಿರಾಗಿ ಒಕ್ಕಲಿಗನ ಮನೆಗೆ ಬರುತ್ತಾರೆ.