ಗ್ರೇನ್ ಒರೆಸುವ ಅವಸರವೇಕೆ?

ರಾತ್ರಿ ತೆಗೆದ ಚಿತ್ರದಲ್ಲಿ ಕಾಳುಕಾಳಾದ ಗ್ರೇನ್ ಕಂಡರೆ ಸಾಕು, ಕ್ಯಾಮೆರಾ ಸರಿಯಿಲ್ಲ ಎಂದುಬಿಡುತ್ತೇವೆ. ಆದರೆ ಅದರ ಮೂಲ ಬಹುಮಟ್ಟಿಗೆ ಬೆಳಕಿನಲ್ಲೇ ಇದೆ. ಬೆಳಕು ಮಳೆಹನಿಯ ಹಾಗೆ, ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಬೀಳುತ್ತದೆ. ಸೆನ್ಸರ್‌ನ ಒಂದೊಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಸಿಕ್ಕರೆ ಏರುಪೇರು ಸುಮಾರು 100, ಅಂದರೆ ಶೇ 1. ಸಿಗುವುದೇ 100 ಆದರೆ ಏರುಪೇರು 10, ಅಂದರೆ ಶೇ 10. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಈ ಲೆಕ್ಕ ತಪ್ಪದು. ಅಲ್ಲಿ ಬೆಳಕು ಎಷ್ಟಿತ್ತು ಎಂಬುದಕ್ಕೆ ಗ್ರೇನೇ ಸಾಕ್ಷಿ.

ಯಕ್ಷಗಾನದ ಬಯಲಾಟವನ್ನೇ ತೆಗೆದುಕೊಳ್ಳಿ. ದಿಗಿಣ ಹಾರುವ ವೇಷವನ್ನು ಸೆಕೆಂಡಿನ 1/30ರಲ್ಲಿ ಹಿಡಿದರೆ ಕೈಕಾಲು ಕಲಸಿಹೋಗುತ್ತವೆ. 1/250ಕ್ಕೆ ಏರಿಸಿದರೆ ಸೆನ್ಸರ್‌ಗೆ ದಕ್ಕುವುದು ಎಂಟರಲ್ಲೊಂದು ಪಾಲು ಬೆಳಕು; ಐಎಸ್‌ಒ 800 ಇದ್ದದ್ದು 6400 ಆಗಬೇಕು, ಗ್ರೇನ್ ಎದ್ದು ಕಾಣುತ್ತದೆ. ಫ್ಲ್ಯಾಶ್ ಇದೆಯಲ್ಲ ಎನ್ನಬಹುದು. ಅದು ರಂಗಸ್ಥಳದ ಬೆಳಕನ್ನೇ ಅಳಿಸಿಹಾಕುತ್ತದೆ, ಕುಣಿಯುವವರ ಕಣ್ಣಿಗೂ ಹೊಡೆಯುತ್ತದೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಒರೆಸೋಣವೆಂದರೆ ಇನ್ನೊಂದು ತೊಡಕು. ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಇಟ್ಟ ಚುಟ್ಟಿ ಇರುತ್ತದೆ. ಅದರ ಒರಟು ಮೈ, ತೊಟ್ಟ ದಗಲೆಯ ನೇಯ್ಗೆ, ಕೆನ್ನೆಯ ಬೆವರು ಎಲ್ಲವೂ ನೆರಳಿನಲ್ಲಿ ಗ್ರೇನಿನಷ್ಟೇ ಸಣ್ಣವು. ಯಾವುದು ಯಾವುದೆಂದು ಬಿಡಿಸಲಾಗದ ಸಾಫ್ಟ್‌ವೇರ್ ಎರಡನ್ನೂ ಸವರಿಬಿಡುತ್ತದೆ. ಈಗಿನ ಎಐ ಸಲಕರಣೆಗಳಂತೂ ಅಲ್ಲಿ ಇಲ್ಲದ ವಿವರವನ್ನೂ ಊಹಿಸಿ ತುಂಬಬಲ್ಲವು. ಹಾಗೆ ತುಂಬಿದ ಚುಟ್ಟಿ ಆ ಕಲಾವಿದ ಇಟ್ಟದ್ದಲ್ಲ.

ಫಿಲ್ಮಿನ ಗ್ರೇನ್ ಚೆಂದ, ಡಿಜಿಟಲ್‌ನ ಗ್ರೇನ್, ಅಂದರೆ ನಾಯ್ಸ್, ವಿಕಾರ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. 1954ರಲ್ಲಿ 35 ಎಂಎಂ ರೋಲಿನಲ್ಲಿ ಬಂದ ಕೊಡಾಕ್ ಟ್ರೈ-ಎಕ್ಸ್ ಪತ್ರಿಕಾ ಛಾಯಾಗ್ರಾಹಕರಿಗೆ ಅಚ್ಚುಮೆಚ್ಚಾಯಿತು. ಜಪಾನಿನ ದೈದೊ ಮೊರಿಯಾಮ ಒರಟು ಗ್ರೇನನ್ನೇ ತಮ್ಮ ಶೈಲಿ ಮಾಡಿಕೊಂಡರು. ಡಿಜಿಟಲ್‌ನಲ್ಲಿ ನೆರಳಿನ ತುಂಬ ಮೂಡುವ ಕೆಂಪು, ಹಸಿರು ಕಲೆಗಳು ನಿಜಕ್ಕೂ ಅಸಹ್ಯ. ಆ ಬಣ್ಣದ ನಾಯ್ಸನ್ನು ಮಾತ್ರ ತೆಗೆದು, ಬೆಳಕಿನ ಏರಿಳಿತವನ್ನು ಹಾಗೇ ಬಿಟ್ಟರೆ ಉಳಿಯುವುದು ಫಿಲ್ಮಿಗೆ ಹತ್ತಿರದ ಗ್ರೇನ್. ಇದರಿಂದ ಲಾಭವೂ ಇದೆ: ಪೂರ್ತಿ ಒರೆಸಿದ ಕತ್ತಲ ಆಕಾಶ ಜೆಪಿಇಜಿಯಲ್ಲಿ ಪಟ್ಟೆಪಟ್ಟೆಯಾಗಿ ಒಡೆದು ಕಾಣುವುದುಂಟು, ಗ್ರೇನ್ ಅದನ್ನು ಮರೆಸುತ್ತದೆ.

ಹಾಗೆಂದು ಅಂಡರ್ ಎಕ್ಸ್‌ಪೋಸ್ ಮಾಡಿ ಆಮೇಲೆ ಎಳೆದು ಬೆಳಗಿಸಿದ ಚಿತ್ರಕ್ಕಾಗಲಿ, ನಡುಮಧ್ಯಾಹ್ನದ ಚಿತ್ರಕ್ಕೆ ಆ್ಯಪ್‌ನಲ್ಲಿ ಬಳಿದ ಗ್ರೇನಿಗಾಗಲಿ ನನ್ನ ವಕಾಲತ್ತಿಲ್ಲ. ನಾಯ್ಸ್ ಸ್ಲೈಡರ್ ಮುಟ್ಟುವ ಮೊದಲು ಚಿತ್ರವನ್ನು 12 ಇಂಚು ಅಗಲಕ್ಕೆ ಪ್ರಿಂಟ್ ಹಾಕಿಸಿ, ಕೈಯಳತೆಯಲ್ಲಿ ಹಿಡಿದು ನೋಡಿ. ಪರದೆಯಲ್ಲಿ ಶೇ 100ಕ್ಕೆ ಹಿಗ್ಗಿಸಿದಾಗ ಕಾಡಿದ್ದರಲ್ಲಿ ಬಹುಪಾಲು ಅಲ್ಲಿ ಕಾಣಿಸುವುದೇ ಇಲ್ಲ.